ಹಿತ್ತಲಲ್ಲಿ ಮಳೆನೀರಿನ ಇಂಗುಗುಂಡಿ: ಇಂಗ್ಲೆಂಡಿನಲ್ಲಿ ಮನೆ ಕೊಂಡ ನಮ್ಮ ಕಡೆಯವರಿಗೆ

ಹುಬ್ಬಳ್ಳಿ-ಧಾರವಾಡ, ಗದಗ, ಹಾವೇರಿ ಕಡೆಯಿಂದ ಬಂದು ಇಲ್ಲಿ ಮನೆ ಕೊಂಡವರು ಮೊದಲ ಚಳಿಗಾಲ ಮುಗಿಯೋ ಹೊತ್ತಿಗೆ ಕೇಳೋ ಪ್ರಶ್ನೆ ಒಂದೇ. ಹಿತ್ತಲಲ್ಲಿ ನೀರು ನಿಲ್ಲುತ್ತಿದೆ, ಸೋಕ್‌ಅವೇ, ಅಂದರೆ ಮಳೆನೀರಿನ ಇಂಗುಗುಂಡಿ ಹಾಕಿಸಬೇಕಂತೆ, ಎಷ್ಟಾಗುತ್ತೆ? ಎಷ್ಟಾಗುತ್ತೆ ಅನ್ನೋದು ಆಮೇಲೆ. ನಿಮ್ಮ ಹಿತ್ತಲ ಮಣ್ಣು ನೀರು ಕುಡಿಯುತ್ತಾ ಇಲ್ವಾ ಅಂತ ಮೊದಲು ನೋಡಿ. ಕುಡಿಯದ ಮಣ್ಣಾದರೆ ಎಷ್ಟು ದುಡ್ಡು ಸುರಿದರೂ ಅದು ನೆಲದಲ್ಲಿ ಹುಗಿದಿಟ್ಟ ತೊಟ್ಟಿ ಅಷ್ಟೇ. ಎರಡು ಮಳೆಗೆ ತುಂಬುತ್ತದೆ, ಮೂರನೆಯದಕ್ಕೆ ಉಕ್ಕುತ್ತದೆ.

ಕೆಲಸ ಏನು ಅಂದರೆ, ಮಾಳಿಗೆ ಮೇಲಿನ ನೀರು ಸೂರಿನ ಅಂಚಿನ ಗಟರ್‌ನಿಂದ ಗೋಡೆಗುಂಟ ಇರುವ ಡೌನ್‌ಪೈಪ್‌ಗೆ ಇಳಿದು, ನೆಲದೊಳಗಿನ ಪೈಪ್ ಹಿಡಿದು ಗುಂಡಿಗೆ ಹೋಗಿ, ಅಲ್ಲಿ ನಿಧಾನಕ್ಕೆ ಇಂಗಬೇಕು. ಹಳ್ಳಿಯಲ್ಲಿ ಬಚ್ಚಲ ನೀರಿನ ಇಂಗುಗುಂಡಿ ನೋಡಿದವರಿಗೆ ಇದು ಹೊಸದಲ್ಲ. ಆದರೆ ಇಲ್ಲಿ ಬಚ್ಚಲ ನೀರು, ಅಡುಗೆಮನೆ ನೀರು, ಬಟ್ಟೆ ತೊಳೆಯೋ ಮಷಿನ್ ನೀರು ಯಾವುದನ್ನೂ ಈ ಗುಂಡಿಗೆ ಬಿಡುವಂತಿಲ್ಲ. ಬರೀ ಮಳೆನೀರು. ಕೆಲವರು ಶೆಡ್‌ನಲ್ಲಿ ಒಂದು ಸಿಂಕ್ ಹಾಕಿಸಿಕೊಂಡು ಅದರ ಪೈಪನ್ನೂ ಸುಮ್ನೆ ಇದಕ್ಕೇ ಸೇರಿಸಿಬಿಡುತ್ತಾರೆ. ಬೇಡ.

"ನಮ್ಮೂರಲ್ಲಿ ಇದಕ್ಕಿಂತ ಜೋರು ಮಳೆ ಬರುತ್ತೆ, ಅಲ್ಲಿ ಇಲ್ಲದ ರಗಳೆ ಇಲ್ಲಿ ಯಾಕೆ?" ಅಂತ ಕೇಳುತ್ತಾರೆ. ಜೋರು ಅನ್ನೋದು ನಿಜ, ಆದರೆ ವರ್ಷದ ಲೆಕ್ಕ ನೋಡಿದರೆ ಲಂಡನ್ನಿನ ಮಳೆ ಸುಮಾರು 600 ಮಿಲಿಮೀಟರ್, ಗದಗಿನ ಮಳೆಯೂ ಹೆಚ್ಚುಕಡಿಮೆ ಅಷ್ಟೇ. ಗದಗಿನಲ್ಲಿ ಜೂನ್‌ನಿಂದ ಅಕ್ಟೋಬರ್ ಒಳಗೆ ಬಹುಪಾಲು ಸುರಿದು ಮುಗಿಯುತ್ತದೆ, ನಡುನಡುವೆ ಬಿಸಿಲು ಬಿದ್ದು ನೆಲ ಒಣಗುತ್ತದೆ. ಇಲ್ಲಿ ಹನ್ನೆರಡು ತಿಂಗಳೂ ಜಿನುಗು ಮಳೆ. ನವೆಂಬರ್ ಬಂತು ಅಂದರೆ ಮಣ್ಣು ಒದ್ದೆಯಾಗಿಯೇ ಇರುತ್ತದೆ, ಬಿಸಿಲಿಗೆ ಆರೋದು ಅಂತ ಇಲ್ಲವೇ ಇಲ್ಲ, ಆಗ ಬಿದ್ದ ನೀರು ಎಲ್ಲಿಗಾದರೂ ಹೋಗಲೇಬೇಕಲ್ವಾ. ಅದಕ್ಕೇ ಮಣ್ಣಿನ ಪರೀಕ್ಷೆಯನ್ನು ಆಗಸ್ಟ್‌ನಲ್ಲಿ ಮಾಡಿ ಖುಷಿಪಡಬೇಡಿ. ಚಳಿಗಾಲದ ನೆಲ ಹೇಳೋದೇ ನಿಜ.

ಗುದ್ದಲಿ ಹಿಡಿಯೋ ಮೊದಲು ಮನೆ ಕೊಂಡ ಕಾಗದಪತ್ರ ತೆಗೆಯಿರಿ. ಸಾಲಿಸಿಟರ್, ಅಂದರೆ ಮನೆ ಕೊಳ್ಳುವಾಗಿನ ವಕೀಲರು, ಮಾಡಿಸಿದ ಸರ್ಚ್‌ಗಳಲ್ಲಿ (ವಿಚಾರಣೆಯ ವರದಿಗಳಲ್ಲಿ) ಸಿಒಎನ್ 29 ಡಿಡಬ್ಲ್ಯೂ ಅಂತ ನೀರು, ಒಳಚರಂಡಿಯ ವರದಿ ಒಂದಿರುತ್ತದೆ. ನಿಮ್ಮ ಮಳೆನೀರು ಸಾರ್ವಜನಿಕ ಒಳಚರಂಡಿಗೆ ಹೋಗುತ್ತದೋ ಇಲ್ಲವೋ ಅನ್ನೋದು ಅದರಲ್ಲಿ ಬರೆದಿರುತ್ತದೆ. ಬಹಳ ಜನ ಇದನ್ನು ಓದಿಯೇ ಇರುವುದಿಲ್ಲ. ಹೋಗುವುದಿಲ್ಲ ಅಂತಿದ್ದರೆ ಹಿತ್ತಲಲ್ಲಿ ಎಲ್ಲೋ ಹಳೇ ಸೋಕ್‌ಅವೇ ಹುಗಿದುಕೊಂಡು ಕೂತಿರಬಹುದು. ಒಡೆದ ಇಟ್ಟಂಗಿ ತುಂಬಿದ ಹಳೇ ಗುಂಡಿಗಳು ಕಾಲಕ್ರಮೇಣ ಹೂಳು ಕಟ್ಟುತ್ತವೆ. ಡೌನ್‌ಪೈಪ್ ಬುಡಕ್ಕೆ ಎರಡು ಬಕೆಟ್ ನೀರು ಹಾಕಿ ನೋಡಿ. ಗಟಗಟ ಇಳಿಯಿತು ಅಂದರೆ ಗುಂಡಿ ಇನ್ನೂ ಜೀವಂತ ಇರಬಹುದು, ಹಿತ್ತಲಲ್ಲಿ ನೀರು ನಿಲ್ಲೋದಕ್ಕೆ ಕಾರಣ ಬೇರೆ. ವಾಪಸ್ ಉಕ್ಕಿದರೆ ಪೈಪ್ ಕಟ್ಟಿಕೊಂಡಿದೆ, ಇಲ್ಲವೇ ಗುಂಡಿ ಮುಗಿದಿದೆ.

ಈಗ ಮಣ್ಣಿನ ವಿಷಯ. ವಾಯವ್ಯ ಲಂಡನ್ನಿನ ಹ್ಯಾರೋ ಕಡೆ ಮನೆ ತೊಗೊಂಡ ನಮ್ಮ ಹುಡುಗನೊಬ್ಬನ ಹಿತ್ತಲಲ್ಲಿ ಪರೀಕ್ಷೆಗೆ ಗುಂಡಿ ತೋಡಿದ್ದೆವು. ಅವನ ತಂದೆ ಅಣ್ಣಿಗೇರಿಯಿಂದ ಬಂದಿದ್ದರು. ಮೇಲಿನ ಕರಿ ತೋಟದ ಮಣ್ಣು ಒಂದು ಅಡಿ ದಾಟುತ್ತಲೇ ಕಂದು ಬಣ್ಣದ ಅಂಟು ಮಣ್ಣು ಬಂತು. ಸಲಿಕೆಗೆ ಮೆತ್ತಿಕೊಂಡು ಬಿಡಲೊಲ್ಲದು. ಅವರು ಒಂದು ಹಿಡಿ ತೊಗೊಂಡು, ಎರಡು ಅಂಗೈ ನಡುವೆ ಹೊಸೆದು, ಬೆರಳಿನಷ್ಟು ಉದ್ದದ ಬತ್ತಿ ಮಾಡಿ, ಬಗ್ಗಿಸಿ ಉಂಗುರದಂತೆ ಸುತ್ತಿದರು. ಎಲ್ಲೂ ಬಿರುಕು ಬಿಡಲಿಲ್ಲ. "ಇದು ನಮ್ಮ ಎರಿ ಮಣ್ಣಿನ ಜಾತೀದ ಐತಲ್ಲೋ ತಮ್ಮಾ, ಇದರಾಗ ನೀರು ಎಲ್ಲಿ ಇಂಗತೈತಿ" ಅಂದರು. ಸಾವಿರಾರು ಮೈಲಿ ಆಚೆ ಹೊಲ ಉತ್ತವರ ಮಾತು ಅದು. ತಪ್ಪೇನೂ ಇರಲಿಲ್ಲ. ಉತ್ತರ ಮತ್ತು ವಾಯವ್ಯ ಲಂಡನ್ನಿನ ಬಹುಭಾಗದಲ್ಲಿ ಕೆಳಗಿರುವುದು ಲಂಡನ್ ಕ್ಲೇ ಅನ್ನೋ ಈ ಅಂಟು ಜೇಡಿಮಣ್ಣು. ಒದ್ದೆಯಾದರೆ ಉಬ್ಬುತ್ತದೆ, ಒಣಗಿದರೆ ಕುಗ್ಗಿ ಬಿರಿಯುತ್ತದೆ. ಅಣ್ಣಿಗೇರಿ, ನವಲಗುಂದ, ಗದಗಿನ ಎರೆ ಹೊಲದಲ್ಲಿ ಏಪ್ರಿಲ್ ತಿಂಗಳ ಬಿರುಕು ನೋಡಿದವರಿಗೆ ಇದರ ಗುಣ ಬಿಡಿಸಿ ಹೇಳಬೇಕಿಲ್ಲ.

ಹಾಗಂತ ಎಲ್ಲ ಕಡೆ ಹೀಗೇ ಅಂತಲ್ಲ. ಲೂಟನ್, ಹೈ ವಿಕಂಬ್ ಕಡೆ ಕೆಳಗೆ ಮೆದು ಸುಣ್ಣಕಲ್ಲಿನ ಪದರ, ಅಂದರೆ ಚಾಕ್. ಅಲ್ಲಿ ನೀರು ಸಾಮಾನ್ಯವಾಗಿ ಚೆನ್ನಾಗಿ ಇಳಿಯುತ್ತದೆ, ಆದರೆ ಚಾಕ್ ನೀರಿಗೆ ಕರಗಿ ಒಳಗೆ ಪೊಳ್ಳು ಬೀಳುವ ಜಾಗಗಳೂ ಇವೆ, ಗುಂಡಿಯನ್ನು ಮನೆಯಿಂದ ಇನ್ನೂ ದೂರ ಇಡಿ ಅನ್ನುತ್ತಾರೆ. ಸ್ಲಾವ್ ಕಡೆ ನದಿಯ ಜಲ್ಲಿ. ನೀರು ಬೇಗ ಹೋಗುತ್ತದೆ, ಆದರೆ ಅಂತರ್ಜಲ ಮೇಲೇ ಇರುವ ಕಡೆ ಗುಂಡಿ ತೋಡಿದರೆ ಕೆಳಗಿನಿಂದಲೇ ನೀರು ಬರುತ್ತದೆ. ಬ್ರಿಟಿಷ್ ಜಿಯಲಾಜಿಕಲ್ ಸರ್ವೆಯ ನಕ್ಷೆ, ಕ್ರಾನ್‌ಫೀಲ್ಡ್ ವಿಶ್ವವಿದ್ಯಾಲಯದ ಸಾಯಿಲ್‌ಸ್ಕೇಪ್ಸ್ ನಕ್ಷೆ ಎರಡೂ ಆನ್‌ಲೈನ್‌ನಲ್ಲಿ ಪುಕ್ಕಟೆ ಸಿಗುತ್ತವೆ. ನೋಡಿ, ಆದರೆ ನಕ್ಷೆ ನಂಬಿ ಕೂರಬೇಡಿ. ಧಾರವಾಡದಲ್ಲಿ ಕೆಮ್ಮಣ್ಣು, ಬಸ್ಸಿನಲ್ಲಿ ಅರ್ಧ ಗಂಟೆ ಪೂರ್ವಕ್ಕೆ ಹೋದರೆ ಎರೆ. ಇಲ್ಲೂ ಹಾಗೇ ಬದಲಾಗುತ್ತದೆ.

ಪರೀಕ್ಷೆ ಮಾಡೋದು ಕಷ್ಟವಲ್ಲ. ಸೋಕ್‌ಅವೇಯ ತಳ ಎಷ್ಟು ಆಳಕ್ಕೆ ಬರುತ್ತದೋ ಅಲ್ಲಿವರೆಗೆ, ಹೆಚ್ಚುಕಡಿಮೆ ಒಂದು ಮೀಟರ್ ತೋಡಿ. ಅದರ ತಳದಲ್ಲಿ 300 ಮಿಲಿಮೀಟರ್ ಚೌಕದ, ಅಷ್ಟೇ ಆಳದ ಒಂದು ಚಿಕ್ಕ ಕುಣಿ ಮಾಡಿ. ಸಂಜೆ ನೀರು ತುಂಬಿ, ರಾತ್ರಿಯಿಡೀ ಇಂಗಲು ಬಿಡಿ. ಬೆಳಿಗ್ಗೆ ಮತ್ತೆ ತುಂಬಿ, ಮುಕ್ಕಾಲು ಮಟ್ಟದಿಂದ ಕಾಲು ಮಟ್ಟಕ್ಕೆ ಇಳಿಯಲು ಎಷ್ಟು ಹೊತ್ತು ಹಿಡಿಯುತ್ತದೆ ಅಂತ ಮೊಬೈಲಿನಲ್ಲಿ ನೋಡಿ. ಹೀಗೆ ಮೂರು ಸಲ, ಸಾಧ್ಯವಾದರೆ ಎರಡು ಜಾಗದಲ್ಲಿ. ಮೇಲಿನ ಒಂದಡಿ ಮಣ್ಣಲ್ಲೇ ಪರೀಕ್ಷೆ ಮಾಡಿ "ಬೇಷ್ ಇಂಗ್ತದ" ಅನ್ನಬೇಡಿ, ಅದು ಎರೆಹುಳ ಓಡಾಡಿ ಸಡಿಲಾದ ಮಣ್ಣು, ಅಲ್ಲಿ ಎಲ್ಲವೂ ಇಂಗುತ್ತದೆ. ರಾತ್ರಿ ಹಾಕಿದ ನೀರು ಬೆಳಿಗ್ಗೆ ಹಾಗೇ ನಿಂತಿದ್ದರೆ ಗುಂಡಿ ಮುಚ್ಚಿ. ನೀವು ನೀರು ಹಾಕುವ ಮೊದಲೇ ಗುಂಡಿಯಲ್ಲಿ ನೀರು ಒಸರಿದರೂ ಮುಚ್ಚಿ. ಇದು ಅಂದಾಜಿಗೆ ಮಾಡುವ ಪರೀಕ್ಷೆ. ದೊಡ್ಡ ಮಾಳಿಗೆಗೆ, ಮನೆಗೆ ಸೇರಿಸಿ ಕಟ್ಟುವ ಎಕ್ಸ್‌ಟೆನ್ಶನ್‌ಗೆ ಬಿಲ್ಡಿಂಗ್ ಕಂಟ್ರೋಲ್‌ನವರು (ಕಟ್ಟಡ ನಿಯಮ ಪಾಲಿಸಿದ್ದೀರಾ ಅಂತ ನೋಡುವವರು) ಬಿಆರ್‌ಇ ಅನ್ನೋ ಕಟ್ಟಡ ಸಂಶೋಧನಾ ಸಂಸ್ಥೆಯ ಡೈಜೆಸ್ಟ್ 365 ಕೈಪಿಡಿಯ ಪ್ರಕಾರದ ಪರೀಕ್ಷೆ ಕೇಳುತ್ತಾರೆ. ತುಂಬಿದ ಗುಂಡಿ 24 ಗಂಟೆಯೊಳಗೆ ಅರ್ಧ ಖಾಲಿಯಾಗಬೇಕು ಅನ್ನೋದು ಅದರ ಲೆಕ್ಕ, ಯಾಕಂದರೆ ಮರುದಿನವೂ ಮಳೆ ಬರಬಹುದು.

ಜಾಗದ ನಿಯಮ ಕಟ್ಟಡ ನಿಯಮಾವಳಿಯ ಪಾರ್ಟ್ ಎಚ್‌ನಲ್ಲಿದೆ, ಅದು ಚರಂಡಿಗೆ ಸಂಬಂಧಿಸಿದ ಭಾಗ. ಯಾವ ಕಟ್ಟಡಕ್ಕೂ, ರಸ್ತೆಗೂ 5 ಮೀಟರ್ ಒಳಗೆ ಬೇಡ. ಕಟ್ಟಡ ಅಂದರೆ ಪಕ್ಕದ ಮನೆಯವರದೂ ಸೇರಿ. ಬೇಲಿಯಿಂದಲೂ ಎರಡೂವರೆ ಮೀಟರ್ ಬಿಡಿ ಅನ್ನುವುದು ರೂಢಿ. ಟೆರೇಸ್ ಮನೆಯ (ಗೋಡೆಗೆ ಗೋಡೆ ಅಂಟಿದ ಸಾಲುಮನೆಯ) ಸಣ್ಣ ಹಿತ್ತಲಲ್ಲಿ ಟೇಪ್ ಹಿಡಿದು ಅಳೆದರೆ ಎಷ್ಟೋ ಸಲ ಜಾಗವೇ ಉಳಿಯೋದಿಲ್ಲ. ಆಗ "ಮೂರು ಮೀಟರ್ ಸಾಕು ಸರ್, ಯಾರು ನೋಡ್ತಾರೆ" ಅನ್ನುವ ಬಿಲ್ಡರ್ ಸಿಗುತ್ತಾನೆ. ಪಾಯದ ಪಕ್ಕ ನೀರು ಬಿಟ್ಟರೆ ಏನಾಗುತ್ತದೆ ಅಂತ ಎರೆ ಮಣ್ಣಿನ ಮೇಲೆ ಮನೆ ಕಟ್ಟಿದ ಊರಿನವರಿಗೆ ಹೇಳಬೇಕಾ. ದೊಡ್ಡ ಮರದ ಬೇರಿನಿಂದಲೂ ದೂರ ಇರಲಿ. ತೋಡುವ ಮೊದಲು ಲೈನ್‌ಸರ್ಚ್ ಬಿಫೋರ್ ಯು ಡಿಗ್ ಅನ್ನೋ ಜಾಲತಾಣದಲ್ಲಿ ಗ್ಯಾಸ್, ಕರೆಂಟ್ ಲೈನ್ ವಿಚಾರಿಸಿ, ಅದಕ್ಕೆ ದುಡ್ಡಿಲ್ಲ. ಆಳದ ಗುಂಡಿಗೆ ಆಸರೆ ಕೊಡದೆ ಇಳಿಯಲೇಬೇಡಿ. ಮಣ್ಣು ಒಂದು ಕ್ಷಣದಲ್ಲಿ ಕುಸಿಯುತ್ತದೆ, ಮಕ್ಕಳಿದ್ದರೆ ರಾತ್ರಿ ಮುಚ್ಚಿಡಿ.

ಎಷ್ಟು ದೊಡ್ಡದು? ಮಾಳಿಗೆ 25 ಚದರ ಮೀಟರ್ ಒಳಗಿದ್ದರೆ ಲೆಕ್ಕ ಸುಲಭ. ಐದು ನಿಮಿಷದಲ್ಲಿ 10 ಮಿಲಿಮೀಟರ್ ಮಳೆ ಅಂತ ಹಿಡಿಯುತ್ತಾರೆ. 20 ಚದರ ಮೀಟರ್ ಮಾಳಿಗೆಗೆ 200 ಲೀಟರ್ ಆಯಿತು. ಗುಂಡಿಯೊಳಗೆ ನೀರು ಹಿಡಿಯಲು ಇಡುವ ಪೊಳ್ಳು ಜಾಲರಿ ಪೆಟ್ಟಿಗೆ, ಅಂದರೆ ಸಾಮಾನ್ಯ ಪ್ಲಾಸ್ಟಿಕ್ ಕ್ರೇಟ್, ಒಂದು ಮೀಟರ್ ಉದ್ದ, ಅರ್ಧ ಮೀಟರ್ ಅಗಲ, 40 ಸೆಂಟಿಮೀಟರ್ ಎತ್ತರ ಇರುತ್ತದೆ, ಹಿಡಿಯೋದು ಸುಮಾರು 190 ಲೀಟರ್. ಹಾಗಾಗಿ ಎರಡು ತೊಗೊಳ್ಳಿ. ಅದೇ ಖಡಿ ತುಂಬಿದ ಗುಂಡಿಯಾದರೆ ಕಲ್ಲಿನ ನಡುವೆ ಉಳಿಯುವ ಜಾಗ ಮೂರರಲ್ಲಿ ಒಂದು ಪಾಲೂ ಇರೋದಿಲ್ಲ, ಅಷ್ಟೇ ನೀರಿಗೆ ಮೂರು ಪಟ್ಟು ದೊಡ್ಡ ಗುಂಡಿ ಬೇಕು. ಕ್ರೇಟ್ ದುಬಾರಿ ಅನ್ನುವವರು ಮಣ್ಣು ಸಾಗಿಸುವ ಸ್ಕಿಪ್‌ನ (ದೊಡ್ಡ ಕಬ್ಬಿಣದ ತೊಟ್ಟಿಯ) ಬಾಡಿಗೆಯನ್ನೂ ಕೂಡಿಸಿ ನೋಡಿ. ತೋಡಿದ ಮಣ್ಣು ಉಬ್ಬಿ ಜಾಸ್ತಿಯಾಗುತ್ತದೆ, ಮತ್ತೆ ಸ್ಕಿಪ್ ರಸ್ತೆ ಮೇಲೆ ಇಟ್ಟರೆ ಕೌನ್ಸಿಲ್ ಪರವಾನಗಿ ಬೇರೆ.

ಇನ್ನೊಂದು, ಕ್ರೇಟ್‌ಗಳನ್ನು ಒಂದರ ಮೇಲೊಂದು ಪೇರಿಸಿ ಚೌಕ ಬಾವಿ ಮಾಡುವ ಬದಲು ಸಾಲಾಗಿ ಕಾಲುವೆಯಂತೆ ಇಡಿ. ತಳ ಹೂಳಿನಿಂದ ಮುಚ್ಚಿಕೊಳ್ಳುತ್ತದೆ, ವರ್ಷಗಳು ಕಳೆದ ಮೇಲೂ ನೀರು ಇಂಗೋದು ಗುಂಡಿಯ ಪಕ್ಕದ ಗೋಡೆಗಳಿಂದ. ಉದ್ದ ಇದ್ದಷ್ಟೂ ಗೋಡೆ ಜಾಸ್ತಿ.

ತಳಕ್ಕೆ 10 ಸೆಂಟಿಮೀಟರ್ ದಪ್ಪ ಉಸುಕು ಅಥವಾ ಸಣ್ಣ ಜಲ್ಲಿ ಹಾಕಿ ಮಟ್ಟ ಮಾಡಿ. ಅದರ ಮೇಲೆ ಜಿಯೋಟೆಕ್ಸ್‌ಟೈಲ್ ಬಟ್ಟೆ ಹಾಸಿ, ಕ್ರೇಟ್ ಇಟ್ಟು, ಅದೇ ಬಟ್ಟೆಯನ್ನು ಅಂಚುಗಳು ಒಂದರ ಮೇಲೊಂದು ಬರುವಂತೆ ಪೂರ್ತಿ ಸುತ್ತಿ. ಹೊರಗೆ ನೀರು ಹೋಗಬೇಕು, ಒಳಗೆ ಮಣ್ಣು ಬರಬಾರದು. ಅಂಗಡಿಯಲ್ಲಿ ಅವಸರಕ್ಕೆ ನೀರು ತಡೆಯುವ ಪ್ಲಾಸ್ಟಿಕ್ ಶೀಟ್ ಎತ್ತಿಕೊಂಡು ಬರಬೇಡಿ, ಅದನ್ನು ಸುತ್ತಿದರೆ ಕೆಲಸವೇ ಉಲ್ಟಾ. ಪೈಪ್ 110 ಮಿಲಿಮೀಟರ್‌ನದು, 100 ಸೆಂಟಿಮೀಟರ್‌ಗೆ ಒಂದು ಸೆಂಟಿಮೀಟರ್ ಇಳಿಜಾರು ಇದ್ದರೆ ಸಾಕು. ಗುಂಡಿಗೆ ಮೊದಲು ಹೂಳು, ಕಸ ತಡೆಯುವ ಒಂದು ಸಿಲ್ಟ್ ಟ್ರ್ಯಾಪ್ ಇರಲೇಬೇಕು. ಬಿಲ್ಡರ್‌ಗಳು ಉಳಿತಾಯ ಮಾಡೋದೇ ಇಲ್ಲಿ. ಇಲ್ಲಿನ ಹೆಂಚಿನ ಮೇಲೆ ಪಾಚಿ ದಪ್ಪಗೆ ಬೆಳೆಯುತ್ತದೆ, ಹಕ್ಕಿ ಕೆದಕಿ ಗಟರ್‌ಗೆ ಬೀಳಿಸುತ್ತದೆ, ಅದು ಕ್ರೇಟ್ ಒಳಗೆ ಹೋಯಿತೆಂದರೆ ತೆಗೆಯುವ ದಾರಿ ಇಲ್ಲ. ಕ್ರೇಟ್ ಮೇಲೆ ಕಾರು ನಿಲ್ಲುವುದಾದರೆ ಭಾರ ತಡೆಯುವ ಬೇರೆ ಕ್ರೇಟ್ ಕೇಳಿ ತೊಗೊಳ್ಳಿ. ಮುಚ್ಚುವ ಮೊದಲು ಟೇಪ್ ಇಟ್ಟು ಫೋಟೊ ತೆಗೆಯಿರಿ. ಎಕ್ಸ್‌ಟೆನ್ಶನ್ ಭಾಗವಾಗಿ ಮಾಡಿಸುತ್ತಿದ್ದರೆ ಬಿಲ್ಡಿಂಗ್ ಕಂಟ್ರೋಲ್ ಇನ್‌ಸ್ಪೆಕ್ಟರ್ ನೋಡುವ ತನಕ ಮುಚ್ಚಲೇಬೇಡಿ.

ಹ್ಯಾರೋ ಹುಡುಗನ ಹಾಗೆ ಅಂಟು ಮಣ್ಣು ಬಂತು ಅಂದರೆ? ಅವನು ಗುಂಡಿ ಮುಚ್ಚಿ ಎರಡು ಡೌನ್‌ಪೈಪ್‌ಗಳಿಗೆ ಒಂದೊಂದು ದೊಡ್ಡ ವಾಟರ್ ಬಟ್, ಅಂದರೆ ಮಳೆನೀರು ಹಿಡಿಯೋ ಬ್ಯಾರಲ್ ಇಟ್ಟ. ಹಿತ್ತಲಿನ ತಗ್ಗಲ್ಲಿ ಒದ್ದೆ ತಾಳುವ ಗಿಡ ಹಚ್ಚಿದ. ಹುಬ್ಬಳ್ಳಿಯಲ್ಲಿ ವಾರಗಟ್ಟಲೆ ನಳ ಬಾರದೆ ಬ್ಯಾರಲ್ ತುಂಬಿಟ್ಟು ಬೆಳೆದವನಿಗೆ ಅದೇನು ಹೊಸದೇ. ಆದರೆ ಬಟ್ ತುಂಬಿದ ಮೇಲಿನ ನೀರಿಗೂ ದಾರಿ ಬೇಕು. ಅದಕ್ಕೆ ಅವನು ಹಳೇ ಡ್ರೈನ್ ಸಂಪರ್ಕವನ್ನು ಹಾಗೇ ಉಳಿಸಿಕೊಂಡ. ಹೊಸದಾಗಿ ಸೀವರ್‌ಗೆ (ಸಾರ್ವಜನಿಕ ಒಳಚರಂಡಿಗೆ) ಸೇರಿಸಬೇಕಾದರೆ ನೀರಿನ ಕಂಪನಿಯ ಒಪ್ಪಿಗೆ ಬೇಕು, ಕದ್ದು ಕೊಳಕು ನೀರಿನ ಪೈಪಿಗೆ ಸೇರಿಸಬೇಡಿ. ಮುಂದಿನ ಅಂಗಳಕ್ಕೆ ಕಾಂಕ್ರೀಟ್ ಹಾಕಿಸಿ ಕಾರು ನಿಲ್ಲಿಸುವ ಆಸೆ ಇದ್ದರೆ, 2008ರಿಂದ ಇಂಗ್ಲೆಂಡಿನಲ್ಲಿ 5 ಚದರ ಮೀಟರ್‌ಗಿಂತ ಜಾಸ್ತಿ ಜಾಗವನ್ನು ನೀರು ಇಂಗದ ಹಾಗೆ ಮುಚ್ಚಿ ನೀರನ್ನು ರಸ್ತೆಗೆ ಬಿಡಲು ಪ್ಲಾನಿಂಗ್ ಪರ್ಮಿಶನ್ ಬೇಕು ಅನ್ನೋದು ನೆನಪಿರಲಿ.

ಸೋಕ್‌ಅವೇ ಸರಿಯಾಗಿ ಕೂತು, ನಿಮ್ಮ ಮನೆಯ ಮಳೆನೀರು ಒಂದು ಹನಿಯೂ ಸಾರ್ವಜನಿಕ ಸೀವರ್‌ಗೆ ಹೋಗುತ್ತಿಲ್ಲ ಅಂದರೆ, ನೀರಿನ ಬಿಲ್‌ನಲ್ಲಿರುವ ಸರ್ಫೇಸ್ ವಾಟರ್ ಡ್ರೈನೇಜ್ ಶುಲ್ಕ ತೆಗೆಸಬಹುದು. ಕಂಪನಿ ತಾನಾಗಿ ತೆಗೆಯುವುದಿಲ್ಲ, ಅರ್ಜಿ ಹಾಕಬೇಕು. ಒಂದು ಸರಳ ನಕ್ಷೆ ಬಿಡಿಸಿ ಡೌನ್‌ಪೈಪ್ ಎಲ್ಲಿ, ಗುಂಡಿ ಎಲ್ಲಿ ಅಂತ ಗುರುತು ಹಾಕಿ, ಮುಚ್ಚುವ ಮೊದಲು ತೆಗೆದ ಫೋಟೊ ಜೊತೆಗಿಡಿ. ಅದರದೇ ಒಂದು ಪ್ರತಿಯನ್ನು ಮನೆ ಕಾಗದದ ಫೈಲ್‌ಗೂ ಸೇರಿಸಿ. ಮುಂದೆ ಶೆಡ್ ಕಟ್ಟಲು ಹೊರಟಾಗ ಗುಂಡಿ ಎಲ್ಲಿದೆ ಅಂತ ಮನೆಮಂದಿಯೆಲ್ಲ ಹುಡುಕಾಡೋದು ತಪ್ಪುತ್ತದೆ. ಸಿಲ್ಟ್ ಟ್ರ್ಯಾಪ್‌ನ ಬುಟ್ಟಿಯನ್ನು ಎಲೆ ಉದುರಿದ ಮೇಲೆ ಒಮ್ಮೆ, ಚಳಿ ಮುಗಿದ ಮೇಲೆ ಒಮ್ಮೆ ಎತ್ತಿ ಖಾಲಿ ಮಾಡಿ. ಕೈಗವಸು ಹಾಕಿಕೊಳ್ಳಿ, ವಾಸನೆ ಜೋರಾಗಿರುತ್ತದೆ.