ಎಷ್ಟಾಗುತ್ತೆ ಅನ್ನುವ ಮೊದಲು ಯಾವ ಆಪರೇಷನ್ ಅಂತ ಕೇಳಿದೆ

ನನ್ನ ಎಡ ಸ್ತನ ಬಲಗಡೆಯದಕ್ಕಿಂತ ಎದ್ದು ಕಾಣುವಷ್ಟು ದೊಡ್ಡದಿತ್ತು. ಮೈನೆರೆದ ಕಾಲದಿಂದಲೂ ಹಾಗೇ. ಸ್ವಲ್ಪ ಹೆಚ್ಚುಕಮ್ಮಿ ಎಲ್ಲ ಹೆಂಗಸರಿಗೂ ಇರುತ್ತೆ. ನನ್ನದು ಆ ಲೆಕ್ಕಕ್ಕೆ ಸೇರುವಂಥದ್ದಲ್ಲ. ಬಲಗಡೆ ಕಪ್‌ನೊಳಗೆ ಸ್ಪಂಜಿನ ಪ್ಯಾಡ್ ಇಲ್ಲದೆ ನಾನು ಮನೆಯಿಂದ ಹೊರಗೆ ಕಾಲಿಟ್ಟವಳಲ್ಲ. ವಿಷಯ ಪೂರ್ತಿ ಗೊತ್ತಿದ್ದದ್ದು ಬ್ಲೌಸ್ ಹೊಲಿಯುವವರಿಗೆ ಮಾತ್ರ. ಅವರು ಏನೂ ಕೇಳದೆ ಎರಡು ಕಡೆಗೂ ಬೇರೆ ಬೇರೆ ಅಳತೆ ಬರೆದುಕೊಳ್ಳುತ್ತಿದ್ದರು. ಮಗಳಿಗೆ ಹಾಲು ಬಿಡಿಸಿದ ಮೇಲೆ ವ್ಯತ್ಯಾಸ ಇನ್ನೂ ಜಾಸ್ತಿಯಾಯಿತು. ಎಡ ಭುಜದಲ್ಲಿ ಪಟ್ಟಿ ಒತ್ತಿ ಗುಳಿ ಬಿತ್ತು, ಕತ್ತು ನೋವೂ ಜೊತೆಗೆ ಬಂತು.

ನಾನು ಶಿವಮೊಗ್ಗದವಳು. ಸಹಕಾರ ಸಂಘವೊಂದರಲ್ಲಿ ಲೆಕ್ಕ ಬರೆಯುವ ಕೆಲಸ. ಆಪರೇಷನ್ ಮಾಡಿಸಿಕೊಳ್ಳುತ್ತೇನೆ ಅಂದಾಗ ನಮ್ಮನೆಯವರು ಮೊದಲು ಅಂದದ್ದು, "ಇಷ್ಟು ವರ್ಷ ಇದ್ದದ್ದೇ ಅಲ್ವಾ, ಈಗ್ಯಾಕೆ?" ಎರಡನೆಯದು, "ಎಷ್ಟಾಗುತ್ತಂತೆ?" ಮೊದಲನೆಯದಕ್ಕೆ ನಾನು ಉತ್ತರ ಕೊಡಲಿಲ್ಲ. ಎರಡನೆಯದಕ್ಕೆ ಉತ್ತರ ಹುಡುಕಲು ಹೊರಟೆ.

ಹಾಗೆ ಹೊರಡುವ ಮೊದಲು ಮಾಡಲೇಬೇಕಾದ ಕೆಲಸ ಒಂದಿದೆ. ಒಂದೇ ಕಡೆ ಸ್ತನ ದೊಡ್ಡದಾಗಿದ್ದರೆ ಒಳಗೆ ಗಡ್ಡೆ ಇಲ್ಲ ಅಂತ ಖಚಿತ ಮಾಡಿಕೊಳ್ಳಬೇಕು. ಊರಿನಲ್ಲೇ ಒಬ್ಬರು ಜನರಲ್ ಸರ್ಜನ್ ಕೈಯಲ್ಲಿ ಪರೀಕ್ಷೆ ಮಾಡಿ ನೋಡಿದರು, ಎರಡೂ ಕಡೆ ಅಲ್ಟ್ರಾಸೌಂಡ್ ಬರೆದುಕೊಟ್ಟರು. ಏನೂ ಇರಲಿಲ್ಲ, ಬೆಳವಣಿಗೆಯಲ್ಲೇ ಆದ ವ್ಯತ್ಯಾಸ. ಆ ರಿಪೋರ್ಟ್ ಆಮೇಲೆ ಎಲ್ಲ ಕಡೆ ಕೆಲಸಕ್ಕೆ ಬಂತು. ನಾನು ಯೋಚಿಸದೇ ಇದ್ದ ಒಂದು ಕಡೆಯೂ ಬಂತು, ಅದನ್ನು ಮುಂದೆ ಹೇಳುತ್ತೇನೆ.

ಅಕ್ಕ ಬೆಂಗಳೂರಿನಲ್ಲಿದ್ದಾಳೆ. ಅವಳ ಮನೆಯಲ್ಲಿ ಉಳಿದುಕೊಂಡು ಡಾಕ್ಟರುಗಳನ್ನು ನೋಡುತ್ತಾ ಹೋದೆ. ಒಬ್ಬೊಬ್ಬರದು ಒಂದೊಂದು ರೇಟು. ಮೊದಲಿಗೆ ನನ್ನ ಡೈರಿಯಲ್ಲಿ ಹೆಸರು, ಪಕ್ಕದಲ್ಲಿ ಮೊತ್ತ, ಅಷ್ಟೇ ಇತ್ತು. ಸ್ವಲ್ಪ ದಿನದಲ್ಲೇ ಗೊತ್ತಾಯಿತು, ಆ ಮೊತ್ತಗಳನ್ನು ಹೋಲಿಸುವುದರಲ್ಲಿ ಅರ್ಥವೇ ಇಲ್ಲ. ಯಾಕೆಂದರೆ ಅವರೆಲ್ಲ ಹೇಳುತ್ತಿದ್ದದ್ದು ಒಂದೇ ಆಪರೇಷನ್ನಿನ ರೇಟಲ್ಲ. ಒಬ್ಬರು ಬಲಗಡೆಗೆ ಸಿಲಿಕೋನ್ ಇಂಪ್ಲಾಂಟ್, ಅಂದರೆ ಜೆಲ್ ತುಂಬಿದ ಚೀಲ, ಇಟ್ಟು ಎಡಗಡೆಗೆ ಸರಿಸಮ ಮಾಡೋಣ ಅಂದರು, 1 ಲಕ್ಷ 70 ಸಾವಿರ. ಇನ್ನೊಂದು ಕಡೆ ಎರಡಕ್ಕೂ ಬೇರೆ ಬೇರೆ ಸೈಜಿನ ಇಂಪ್ಲಾಂಟ್ ಇಟ್ಟರೆ 'ಶೇಪ್ ಚೆನ್ನಾಗಿ ಬರುತ್ತೆ' ಅಂತ ಎರಡೂವರೆ ಲಕ್ಷದ ಹತ್ತಿರ ಹೇಳಿದರು. ಮತ್ತೊಬ್ಬರು ಹೊಟ್ಟೆಯ ಕೊಬ್ಬು ತೆಗೆದು ಬಲಗಡೆಗೆ ತುಂಬಿಸುವ ಮಾತಾಡಿದರು. ಅದು ಒಂದು ಸಲಕ್ಕೆ 85 ಸಾವಿರ. ಆದರೆ ತುಂಬಿದ ಕೊಬ್ಬಿನಲ್ಲಿ ಒಂದಷ್ಟು ಭಾಗವನ್ನು ದೇಹ ಹೀರಿಕೊಂಡುಬಿಡುತ್ತೆ, ಹಾಗಾಗಿ ಎರಡನೇ ಸಲ, ಕೆಲವರಿಗೆ ಮೂರನೇ ಸಲವೂ ಬೇಕಾಗಬಹುದು. ಕಡಿಮೆ ರೇಟಿನದು ಅಂತ ಕಂಡದ್ದು ಎಲ್ಲಿಗೆ ಮುಟ್ಟುತ್ತೆ ಅಂತ ಮೊದಲೇ ಹೇಳುವ ಹಾಗಿರಲಿಲ್ಲ.

ಐವತ್ತು ದಾಟಿದ ಒಬ್ಬ ಮೇಡಂ ಮಾತ್ರ ಬೇರೆ ಕಡೆಯಿಂದ ಶುರು ಮಾಡಿದರು. ನಿಲ್ಲಿಸಿ, ಟೇಪು ಹಿಡಿದು, ಕತ್ತಿನ ಕೆಳಗಿನ ಗುಳಿಯಿಂದ ಎರಡೂ ತೊಟ್ಟುಗಳವರೆಗೆ ಅಳೆದರು. ಆಮೇಲೆ ಕೂತು ಹೇಳಿದರು: "ನೋಡಮ್ಮ, ನಿನ್ನ ಮೈಕಟ್ಟಿಗೆ ಬಲಗಡೆಯದು ಸರಿಯಾಗೇ ಇದೆ. ಹೆಚ್ಚಾಗಿರೋದು ಎಡಗಡೆ. ಸರಿ ಇರೋದರೊಳಗೆ ಏನಾದ್ರೂ ಯಾಕೆ ಇಡಬೇಕು?"

ನನಗೆ ಬೇಕಾಗಿದ್ದ ಮಾತು ಅದೇ. ಇಂಪ್ಲಾಂಟ್ ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ. ಬಲಗಡೆ ಬೆಳೆದೇ ಇಲ್ಲದಿದ್ದರೆ ಬಹುಶಃ ಅದೇ ಸರಿಯಾದ ದಾರಿ. ಆದರೆ ಅದು ಒಂದು ಸಲ ಇಟ್ಟು ಮರೆಯುವ ವಸ್ತುವಲ್ಲ. ಅದರ ಸುತ್ತ ದೇಹ ಒಂದು ಪೊರೆ ಕಟ್ಟಿಕೊಳ್ಳುತ್ತೆ. ಕೆಲವರಿಗೆ ಆ ಪೊರೆ ಬಿಗಿಯಾಗಿ ಸ್ತನ ಗಟ್ಟಿಯಾಗುತ್ತೆ, ಆಗ ಮತ್ತೆ ಆಪರೇಷನ್. ಒಡೆದಿದೆಯಾ ಅಂತ ನೋಡಲು ಐದಾರು ವರ್ಷಕ್ಕೆ ಮೊದಲ ಸ್ಕ್ಯಾನ್, ಆಮೇಲೆ ಎರಡು ಮೂರು ವರ್ಷಕ್ಕೊಮ್ಮೆ ಮಾಡಿಸಿ ಅನ್ನುತ್ತೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ. 2019ರಲ್ಲಿ ಅಲರ್ಗನ್ ಕಂಪನಿ ತನ್ನ ಬಯೋಸೆಲ್ ಅನ್ನುವ ಒರಟು ಮೇಲ್ಮೈಯ ಇಂಪ್ಲಾಂಟ್‌ಗಳನ್ನು ಜಗತ್ತಿನಾದ್ಯಂತ ವಾಪಸ್ ಪಡೆಯಿತು. ಲಿಂಫೋಮಾ ಅನ್ನುವ ಕ್ಯಾನ್ಸರಿನ ಅಪರೂಪದ ಒಂದು ಬಗೆಯ ಜೊತೆ ಅವುಗಳ ನಂಟು ಕಂಡುಬಂದಿತ್ತು. ಅದಿರಲಿ, ನನಗೆ ತಲೆಗೆ ಹತ್ತಿದ್ದು ಇನ್ನೂ ಸರಳವಾದ ವಿಷಯ. ವಯಸ್ಸಾದಂತೆ ನನ್ನ ಎಡ ಸ್ತನ ಜೋತುಬೀಳುತ್ತೆ, ಬಲಗಡೆಯ ಇಂಪ್ಲಾಂಟ್ ಹಾಗೇ ನಿಂತಿರುತ್ತೆ. ಹತ್ತು ಹದಿನೈದು ವರ್ಷದಲ್ಲಿ ಮತ್ತೆ ಮೊದಲಿನ ಕಥೆಯೇ.

ಹಾಗಾಗಿ ಡೈರಿಯ ಪುಟ ತಿರುಗಿಸಿ ಹೊಸದಾಗಿ ಬರೆದೆ. ತಲೆಬರಹ: ಎಡ ಸ್ತನ ಮಾತ್ರ ಸಣ್ಣದು ಮಾಡುವುದು, ತೊಟ್ಟನ್ನು ಬಲಗಡೆಯ ಮಟ್ಟಕ್ಕೆ ಏರಿಸುವುದು. ಇದನ್ನು ಯಾರು ಮಾಡುತ್ತಾರೆ, ಎಷ್ಟಕ್ಕೆ. ಆಗ ಮಾತ್ರ ಮೊತ್ತಗಳು ಒಂದರ ಪಕ್ಕ ಒಂದು ಕೂರುವ ಹಾಗಾದವು.

ಯಾರು ಅನ್ನುವುದರಲ್ಲಿ ಅರ್ಧ ಜನ ಮೊದಲ ಸುತ್ತಿನಲ್ಲೇ ಹೋದರು. ನಮ್ಮಲ್ಲಿ 'ಕಾಸ್ಮೆಟಿಕ್ ಸರ್ಜನ್' ಅಂತ ಬೋರ್ಡ್ ಹಾಕಿಕೊಂಡವರೆಲ್ಲ ಪ್ಲಾಸ್ಟಿಕ್ ಸರ್ಜನ್ನರಲ್ಲ. ಪ್ಲಾಸ್ಟಿಕ್ ಸರ್ಜರಿಗೆ ಎಂಬಿಬಿಎಸ್, ಎಂಎಸ್ ಆದ ಮೇಲೆ ಮತ್ತೆ ಮೂರು ವರ್ಷದ ಎಂಸಿಎಚ್ ಅಥವಾ ಡಿಎನ್‌ಬಿ (ಈಗ ಡಿಆರ್‌ಎನ್‌ಬಿ ಅನ್ನುತ್ತಾರೆ) ಇರುತ್ತೆ. ಹೆಸರಿನ ಮುಂದೆ ನಾಲ್ಕಾರು ಅಕ್ಷರ ಇದ್ದರೆ ಸಾಲದು, ಆ ಅಕ್ಷರ ಯಾವುದು ಅಂತ ನೋಡಬೇಕು. ಕೆಲವು ವಾರದ, ತಿಂಗಳ ಫೆಲೋಶಿಪ್ಪುಗಳೂ ಬೋರ್ಡಿನ ಮೇಲೆ ಅಷ್ಟೇ ದಪ್ಪಕ್ಕೆ ಬರೆದಿರುತ್ತವೆ. ರಾಷ್ಟ್ರೀಯ ವೈದ್ಯಕೀಯ ಆಯೋಗದ ರಿಜಿಸ್ಟರ್‌ನಲ್ಲಿ ಡಾಕ್ಟರ ಹೆಸರು ಹಾಕಿ ಹುಡುಕಬಹುದು. ಪ್ಲಾಸ್ಟಿಕ್ ಸರ್ಜನ್ನರ ರಾಷ್ಟ್ರೀಯ ಸಂಘವಾದ ಎಪಿಎಸ್‌ಐ ಸದಸ್ಯರ ಪಟ್ಟಿಯೂ ನೋಡಲು ಸಿಗುತ್ತೆ. ಎರಡನ್ನೂ ನೋಡಿದೆ. ಜೊತೆಗೆ ಆಪರೇಷನ್ ನಡೆಯುವ ಜಾಗಕ್ಕೆ ಕೆಪಿಎಂಇ, ಅಂದರೆ ರಾಜ್ಯದ ಖಾಸಗಿ ಆಸ್ಪತ್ರೆಗಳ ಕಾಯ್ದೆಯಡಿ ನೋಂದಣಿ ಇದೆಯಾ, ಆ ನಂಬರ್ ಗೋಡೆ ಮೇಲೆ ಹಾಕಿದ್ದಾರಾ ಅಂತಲೂ ನೋಡಿದೆ. ಇದು ಪೂರ್ತಿ ಅರಿವಳಿಕೆ ಕೊಟ್ಟು ಗಂಟೆಗಟ್ಟಲೆ ಮಾಡುವ ಆಪರೇಷನ್. ಬ್ಯೂಟಿ ಕ್ಲಿನಿಕ್ಕಿನ ಹಿಂದಿನ ಕೋಣೆಯಲ್ಲಿ ಮಾಡುವಂಥದ್ದಲ್ಲ.

ಒಂದು ಕ್ಲಿನಿಕ್ಕಿನಲ್ಲಿ ಸರ್ಜನ್ನರ ಮುಖವೇ ನೋಡಲಿಲ್ಲ. ಕೌನ್ಸೆಲರ್ ಅಂತ ಒಬ್ಬ ಹುಡುಗಿ ಬಂದು, ಕಾಫಿ ಕೊಟ್ಟು, ಈ ವಾರದೊಳಗೆ ಅಡ್ವಾನ್ಸ್ ಕಟ್ಟಿದರೆ 20 ಸಾವಿರ ಡಿಸ್ಕೌಂಟ್, ಬಡ್ಡಿ ಇಲ್ಲದ ಇಎಂಐ ಅಂದಳು. ಸೀರೆ ಅಂಗಡಿಯ ಆಷಾಢ ಸೇಲ್ ನೆನಪಾಯಿತು. ರೋಗಿಗಳನ್ನು ಜಾಹೀರಾತಿನಿಂದ ಸೆಳೆಯುವುದು ವೈದ್ಯರ ನಡತೆಗೆ ವಿರುದ್ಧ ಅಂತ ಭಾರತೀಯ ವೈದ್ಯಕೀಯ ಮಂಡಳಿಯ 2002ರ ನಿಯಮಗಳಲ್ಲೇ ಇದೆ. ಆದರೂ ಎರಡು ವರ್ಷ ಕಳೆದರೂ ನನ್ನ ಫೋನಿಗೆ ಅವರ ಮೆಸೇಜು ನಿಂತಿಲ್ಲ.

ಫೋಟೋ ವಿಷಯ ಹೇಳಬೇಕು. ಎಲ್ಲರೂ 'ಮೊದಲು', 'ಆಮೇಲೆ' ಫೋಟೋ ತೋರಿಸುತ್ತಾರೆ. ನಾನು ಕೇಳಿದ್ದು ಮೂರು: ನನ್ನ ಥರದ್ದೇ ಒಂದು ಕಡೆ ಮಾತ್ರ ದೊಡ್ಡದಿದ್ದವರ ಫೋಟೋ ಇದೆಯಾ, ಆಪರೇಷನ್ ಆಗಿ ವರ್ಷ ಕಳೆದದ್ದು ಇದೆಯಾ, ಕಲೆ ಕಾಣುವ ಹಾಗೆ ತೆಗೆದದ್ದು ಇದೆಯಾ. ಆದ ಹೊಸದರಲ್ಲಿ ಊತ ಇರುತ್ತೆ, ಎಲ್ಲ ತುಂಬಿಕೊಂಡು ಚೆನ್ನಾಗೇ ಕಾಣುತ್ತೆ. ಆಕಾರ ಇಳಿದು ನಿಲ್ಲಲು ತಿಂಗಳುಗಳು ಬೇಕು, ಕಲೆ ಮಾಗಲು ವರ್ಷವೇ ಬೇಕು. ನಮ್ಮ ಮೈಬಣ್ಣದವರಿಗೆ ಕಲೆ ದಪ್ಪವಾಗಿ ಉಬ್ಬುವ ಸಾಧ್ಯತೆಯೂ ಜಾಸ್ತಿ. ಮೇಡಂ ಹತ್ತಿರ ಅಂಥ ಫೋಟೋ ಇದ್ದವು, ಮುಖ ಮರೆಮಾಡಿದ್ದು. ಅದರಲ್ಲಿ ಒಂದು ಅಷ್ಟೇನೂ ಚೆನ್ನಾಗಿ ಆಗಿರಲಿಲ್ಲ. ಅದನ್ನು ಅವರೇ ತೆಗೆದು ತೋರಿಸಿದರು. "ಇವರಿಗೆ ಹೊಲಿಗೆ ಸೇರೋ ಜಾಗದಲ್ಲಿ ಗಾಯ ಬಿಟ್ಟುಕೊಳ್ತು, ವಾಸಿಯಾಗೋಕೆ ತಡವಾಯ್ತು. ನಿನಗೂ ಆಗಬಹುದು."

ಅವರು ವಿಧಾನವನ್ನೂ ಚಿತ್ರ ಬರೆದು ವಿವರಿಸಿದರು. ತೊಟ್ಟನ್ನು ಕತ್ತರಿಸಿ ತೆಗೆಯುವುದಿಲ್ಲ, ರಕ್ತನಾಳ ಇರುವ ಒಂದು ತುಂಡು ಮಾಂಸದ ಜೊತೆಗೇ ಮೇಲಕ್ಕೆ ಸರಿಸುತ್ತಾರೆ. ಕಲೆ ತೊಟ್ಟಿನ ಸುತ್ತ ಒಂದು ಉಂಗುರ, ಅಲ್ಲಿಂದ ಕೆಳಕ್ಕೆ ಒಂದು ಗೆರೆ. ತುಂಬಾ ದೊಡ್ಡದಿದ್ದರೆ ಸ್ತನದ ಕೆಳ ಮಡಿಕೆಯಲ್ಲಿ ಅಡ್ಡ ಗೆರೆಯೂ ಬೀಳುತ್ತೆ. ತೊಟ್ಟಿನ ಸ್ಪರ್ಶ ಕಡಿಮೆಯಾಗಬಹುದು, ಇನ್ನೊಂದು ಮಗು ಬೇಕಾದರೆ ಆ ಕಡೆ ಹಾಲು ಕಡಿಮೆಯಾಗಬಹುದು. ನಮಗೆ ಒಬ್ಬಳೇ ಸಾಕು ಅಂತ ಮೊದಲೇ ತೀರ್ಮಾನವಾಗಿತ್ತು. ಆಗಿರದಿದ್ದರೆ ನಾನು ಕಾಯುತ್ತಿದ್ದೆ. ಯಾವ ಕಪ್ ಸೈಜ್ ಬರುತ್ತೆ ಅಂತ ಕೇಳಿದ್ದಕ್ಕೆ, "ಬ್ರಾ ಕಂಪನಿಗೊಂದು ಸೈಜು, ಅದನ್ನು ನಾನು ಹೇಳಲ್ಲ" ಅಂತ ನಕ್ಕರು.

ಈಗ ದುಡ್ಡಿನ ಮಾತು. ಒಂದೇ ಆಪರೇಷನ್ನಿಗೆ ಮೂರು ಕಡೆ ಎಸ್ಟಿಮೇಟ್ ಬರೆಸಿಕೊಂಡೆ. ಬಾಯಿಮಾತಿನ 'ಪ್ಯಾಕೇಜ್' ಬೇಡ, ಬಿಡಿಬಿಡಿಯಾಗಿ ಬರೆದುಕೊಡಿ ಅಂದೆ. ದೊಡ್ಡ ಕಾರ್ಪೊರೇಟ್ ಆಸ್ಪತ್ರೆ 1 ಲಕ್ಷ 80 ಸಾವಿರ ಬರೆದು, ಅದರ ಮೇಲೆ 18% ಜಿಎಸ್‌ಟಿ ಸೇರಿಸಿತ್ತು. ಒಟ್ಟು 2,12,400 ರೂಪಾಯಿ. ಮೇಡಂ ಆಪರೇಷನ್ ಮಾಡುವ ಮಧ್ಯಮ ಗಾತ್ರದ ಆಸ್ಪತ್ರೆಯದು 1,45,000: ಸರ್ಜನ್ ಫೀಸ್ 70, ಥಿಯೇಟರ್ 30, ಅರಿವಳಿಕೆ ಡಾಕ್ಟರಿಗೆ 18, ಎರಡು ರಾತ್ರಿಯ ರೂಮಿಗೆ 12, ಔಷಧಿ ಸಾಮಾನಿಗೆ 15 ಸಾವಿರ. ಕರಾವಳಿಯ ಮೆಡಿಕಲ್ ಕಾಲೇಜು ಆಸ್ಪತ್ರೆಯೊಂದರಲ್ಲಿ ಇದರ ಅರ್ಧದ ಆಸುಪಾಸಿನಲ್ಲಿ ಮುಗಿಯುತ್ತಿತ್ತು. ಅಲ್ಲಿನ ಪ್ರೊಫೆಸರ್ ಬಗ್ಗೆಯೂ ಒಳ್ಳೆಯ ಮಾತೇ ಕೇಳಿದ್ದೆ.

ಜಿಎಸ್‌ಟಿ ನೋಡಿ ನನ್ನೊಳಗಿನ ಲೆಕ್ಕದವಳು ಎದ್ದು ಕೂತಳು. ಚಿಕಿತ್ಸೆಗೆ ಜಿಎಸ್‌ಟಿ ಇಲ್ಲ ಅಲ್ವಾ? ನಿಯಮ ತೆಗೆದು ಓದಿದೆ. ಕೂದಲು ಕಸಿ, ಕಾಸ್ಮೆಟಿಕ್ ಮತ್ತು ಪ್ಲಾಸ್ಟಿಕ್ ಸರ್ಜರಿಗೆ ಆ ವಿನಾಯಿತಿ ಇಲ್ಲ. ಆದರೆ ಅದಕ್ಕೂ ಒಂದು ಅಪವಾದ ಇದೆ: ಹುಟ್ಟಿನಿಂದ ಬಂದ ದೋಷ, ಬೆಳವಣಿಗೆಯಲ್ಲಿ ಆದ ದೋಷ, ಪೆಟ್ಟು, ಗಾಯ, ಇವುಗಳಿಂದ ಕೆಟ್ಟ ಅಂಗವನ್ನು ಸರಿಪಡಿಸುವ ಆಪರೇಷನ್ ಆದರೆ ವಿನಾಯಿತಿ ಸಿಗುತ್ತೆ. ನನ್ನದು ಬೆಳವಣಿಗೆಯಲ್ಲೇ ಆದದ್ದು. ಕಾರ್ಪೊರೇಟ್ ಆಸ್ಪತ್ರೆಯ ಬಿಲ್ಲಿಂಗ್ ಕೌಂಟರಿನಲ್ಲಿ ಕೇಳಿದರೆ, "ಪ್ಲಾಸ್ಟಿಕ್ ಸರ್ಜರಿ ಅಂದ್ರೆ ಹಾಕ್ತೀವಿ ಮೇಡಂ, ಸಿಸ್ಟಮ್‌ನಲ್ಲೇ ಹಾಗಿದೆ" ಅಂದರು. ನಮ್ಮ ಮೇಡಂ ಮಾತ್ರ ಊರಿನ ಸರ್ಜನ್ ಬರೆದ ಚೀಟಿ, ಅಲ್ಟ್ರಾಸೌಂಡ್ ರಿಪೋರ್ಟ್ ನೋಡಿ, ಕೇಸ್ ಶೀಟಿನಲ್ಲಿ ಬೆಳವಣಿಗೆಯ ದೋಷ ಅಂತ ಸರಿಯಾಗಿ ಬರೆದರು. ಬಿಲ್ಲಿನಲ್ಲಿ ಜಿಎಸ್‌ಟಿ ಬರಲಿಲ್ಲ. 1,45,000ದ ಮೇಲೆ 26 ಸಾವಿರದ ಮಾತು ಅದು, ಸುಮ್ನೆ ಬಿಡೋಕಾಗುತ್ತಾ?

ಇನ್ಶೂರೆನ್ಸ್ ಮಾತ್ರ ಕೈ ಹಿಡಿಯಲಿಲ್ಲ. ವಿಮಾ ನಿಯಂತ್ರಕ ಐಆರ್‌ಡಿಎಐ ಎಲ್ಲ ಕಂಪನಿಗಳಿಗೂ ಒಂದೇ ಥರ ಮಾಡಿಕೊಟ್ಟ ಹೊರಗಿಡುವ ಪಟ್ಟಿಯಲ್ಲಿ ಕಾಸ್ಮೆಟಿಕ್, ಪ್ಲಾಸ್ಟಿಕ್ ಸರ್ಜರಿ ಇದೆ. ಅಪಘಾತ, ಸುಟ್ಟ ಗಾಯ, ಕ್ಯಾನ್ಸರ್ ನಂತರದ ಸರಿಪಡಿಕೆಗೆ ಕೊಡುತ್ತಾರೆ. ಇಲ್ಲವೇ ಆರೋಗ್ಯಕ್ಕೆ ನೇರವಾದ, ತಕ್ಷಣದ ಅಪಾಯ ಇದೆ ಅಂತ ಡಾಕ್ಟರು ಪ್ರಮಾಣಪತ್ರ ಕೊಡಬೇಕು. ಭುಜದ ಗುಳಿಯನ್ನು ತಕ್ಷಣದ ಅಪಾಯ ಅಂತ ಬರೆದುಕೊಡಿ ಎಂದು ಕೇಳಲು ನನಗೇ ಮನಸ್ಸಾಗಲಿಲ್ಲ. ಕಟ್ಟುತ್ತಿದ್ದ ಚೀಟಿ ಎತ್ತಿ ದುಡ್ಡು ಹೊಂದಿಸಿದೆ, ಉಳಿದದ್ದು ಆರ್‌ಡಿಯಿಂದ.

ಇನ್ನು ಕರಾವಳಿಯ ಆಸ್ಪತ್ರೆ ಯಾಕೆ ಬೇಡವಾಯಿತು? ಘಾಟಿ. ಆಪರೇಷನ್ ಒಂದೇ ದಿನದ್ದು, ಆದರೆ ಡ್ರೆಸ್ಸಿಂಗು, ಹೊಲಿಗೆ ನೋಡುವುದು, ಮತ್ತೆ ಮತ್ತೆ ತೋರಿಸುವುದು ಇರುತ್ತೆ. ಸಂಘದಲ್ಲಿ ಮಾರ್ಚ್ ಲೆಕ್ಕ ಮುಗಿದು ರಜೆ ಸಿಗುವ ಹೊತ್ತಿಗೆ ಮಳೆಗಾಲ ಹತ್ತಿರವಾಗುತ್ತೆ. ಹೊಸ ಹೊಲಿಗೆ ಇಟ್ಟುಕೊಂಡು ಆಗುಂಬೆ ತಿರುವುಗಳಲ್ಲಿ ಬಸ್ಸಿನಲ್ಲಿ ಓಲಾಡುವುದನ್ನು ನೆನೆದೇ ಬೇಡ ಅನ್ನಿಸಿತು. ಅಲ್ಲಿ ಉಳಿಯಲು ನಮ್ಮವರು ಯಾರೂ ಇಲ್ಲ, ಲಾಡ್ಜ್ ಖರ್ಚು ಸೇರಿಸಿದರೆ ಉಳಿತಾಯದಲ್ಲಿ ಒಂದಷ್ಟು ಕರಗುತ್ತಿತ್ತು. ಬೆಂಗಳೂರಿಗಾದರೆ ಜನಶತಾಬ್ದಿ ಇದೆ, ಅಕ್ಕನ ಮನೆ ಇದೆ. ಉಡುಪಿ ಕಡೆ ನೆಂಟರಿದ್ದಿದ್ದರೆ ನನ್ನ ತೀರ್ಮಾನ ಬೇರೆಯೇ ಆಗುತ್ತಿತ್ತು.

ಅಡ್ವಾನ್ಸ್ ಕಟ್ಟುವ ಮೊದಲು ಮೇಡಂಗೆ ಇನ್ನೊಂದು ಕೇಳಿದೆ. ರಾತ್ರಿ ಒಳಗೆ ರಕ್ತ ಕಟ್ಟಿ ಮತ್ತೆ ಥಿಯೇಟರಿಗೆ ಹೋಗಬೇಕಾದರೆ ಯಾರ ಖರ್ಚು? ತಿಂಗಳುಗಳು ಕಳೆದ ಮೇಲೆ ಸಣ್ಣಪುಟ್ಟ ತಿದ್ದುಪಡಿ ಬೇಕಾದರೆ? ಪ್ರಶ್ನೆ ಕೇಳಿ ಅವರಿಗೆ ಬೇಜಾರಾಗಲಿಲ್ಲ. "ಒಂದು ವರ್ಷದೊಳಗೆ ನನ್ನ ಫೀಸ್ ಇಲ್ಲ. ಆಸ್ಪತ್ರೆ ಚಾರ್ಜ್, ಔಷಧಿ ನೀನೇ ಕಟ್ಟಬೇಕು" ಅಂದರು. ಅದನ್ನು ಎಸ್ಟಿಮೇಟ್ ಹಾಳೆಯ ಕೆಳಗೇ ಬರೆಸಿಕೊಂಡೆ. ಬೇರೆ ಕಡೆ ಇದೇ ಪ್ರಶ್ನೆಗೆ "ಹಾಗೆಲ್ಲ ಏನೂ ಆಗಲ್ಲ ಬಿಡಿ" ಅಂತ ಉತ್ತರ ಬಂದಿತ್ತು.

ಆಪರೇಷನ್ ಬಗ್ಗೆ ಹೇಳಲು ಜಾಸ್ತಿ ಇಲ್ಲ. ಬೆಳಿಗ್ಗೆ ನಿಲ್ಲಿಸಿ ಪೆನ್ನಿನಲ್ಲಿ ಗೆರೆ ಎಳೆದರು. ಮಲಗಿದರೆ ಸ್ತನ ಪಕ್ಕಕ್ಕೆ ಜಾರುವುದರಿಂದ ಅಳತೆಯೆಲ್ಲ ನಿಂತಾಗಲೇ ಆಗಬೇಕಂತೆ. ಎದ್ದಾಗ ಪಕ್ಕದಲ್ಲಿ ಒಳಗಿನ ರಕ್ತ, ನೀರು ಹೊರಗೆ ಹರಿಸುವ ಡ್ರೇನ್ ಪೈಪು, ಬಿಗಿ ಬ್ರಾ. ಅಂದುಕೊಂಡದ್ದಕ್ಕಿಂತ ನೋವು ಕಡಿಮೆ, ಮಗಳನ್ನು ಎತ್ತಿಕೊಳ್ಳಬಾರದು ಅನ್ನುವುದೇ ಕಷ್ಟ. ತೆಗೆದ ಮಾಂಸವನ್ನು ಬಯಾಪ್ಸಿಗೆ ಕಳಿಸಿದರು. ಅದು ಎಸ್ಟಿಮೇಟಿನಲ್ಲಿ ಇರಲಿಲ್ಲ. ರಕ್ತಪರೀಕ್ಷೆ, ಎರಡು ಸರ್ಜಿಕಲ್ ಬ್ರಾ, ಬಯಾಪ್ಸಿ ಎಲ್ಲ ಸೇರಿ ಇನ್ನೊಂದು 11 ಸಾವಿರ. ಕೊನೆಗೆ 1,56,000ಕ್ಕೆ ನಿಂತಿತು. ನೀವು ಎಸ್ಟಿಮೇಟ್ ಬರೆಸುವಾಗ ಈ ಮೂರನ್ನೂ ಹೆಸರು ಹಿಡಿದು ಕೇಳಿ.

ಈಗ ಹತ್ತು ತಿಂಗಳಾಗುತ್ತಾ ಬಂತು. ಎರಡೂ ಪಕ್ಕಾ ಒಂದೇ ಥರ ಇಲ್ಲ, ಹತ್ತಿರದಿಂದ ನೋಡಿದರೆ ಗೊತ್ತಾಗುತ್ತೆ. ಪ್ಯಾಡ್ ಬೇಕಾಗಿಲ್ಲ. ಕೆಳಗೆ ಗೆರೆ ಮುಗಿಯುವ ಜಾಗದಲ್ಲಿ ಚರ್ಮ ಸ್ವಲ್ಪ ಮಡಿಕೆಯಾಗಿ ಎದ್ದಿದೆ. ಆ ಜಾಗ ಮಾತ್ರ ಮರಗಟ್ಟಿಸಿ ತೆಗೆಯಬಹುದು, ಅರ್ಧ ಗಂಟೆ ಕೆಲಸ ಅಂದಿದ್ದಾರೆ ಮೇಡಂ. ಅವರ ಫೀಸ್ ಇಲ್ಲದ ಅವಧಿ ಇನ್ನೆರಡು ತಿಂಗಳಿದೆ. ಆಸ್ಪತ್ರೆಯವರು ಥಿಯೇಟರಿಗೆ ಎಷ್ಟು ಹಾಕುತ್ತಾರೆ ಅಂತ ಕೇಳಿ ಮೇಲ್ ಹಾಕಿದ್ದೇನೆ, ಬಿಡಿಬಿಡಿಯಾಗಿ ಬರೆದು ಕಳಿಸಿ ಅಂತ.