ಎಲ್ಲರೂ ಬರಬೇಕಾ? ಮೊದಲು ಬೆಂಚು ಸರಿಸಿ

ನಮ್ಮ ಪಂಚಾಯಿತಿಯ ಅರಿವು ಕೇಂದ್ರ, ಅಂದರೆ ಊರಿನ ಗ್ರಂಥಾಲಯ, ನೋಡಿಕೊಳ್ಳುವುದು ನಾನೇ. ಮೊದಲೆಲ್ಲ ಹೆಂಗಸರು ಬಾಗಿಲವರೆಗೆ ಬಂದು ಸುಮ್ನೆ ವಾಪಸ್ ಹೋಗುತ್ತಿದ್ದರು. ಪೇಪರ್ ಓದುವ ಗಂಡಸರ ಬೆಂಚು ಬಾಗಿಲಿಗೇ ಅಡ್ಡ ಇತ್ತು, ಅಷ್ಟೇ! ಅದನ್ನು ಕಿಟಕಿ ಕಡೆ ಸರಿಸಿದೆ. ಈಗ ಬರುತ್ತಾರೆ. ನೀವೂ ಒಂದು ದಿನ ಹೊರಗೆ ನಿಂತು ನೋಡಿ, ಯಾರು ಒಳಗೆ ಬರುತ್ತಿಲ್ಲ ಅಂತ.

ತಾಂಡಾದ ಮಕ್ಕಳಿಗೆ ಲಂಬಾಣಿಯಲ್ಲೇ ಕತೆ ಹೇಳಿಸಿ. ನಾನು ಶನಿವಾರ ಒಬ್ಬ ಅಜ್ಜಿಯನ್ನು ಕರೆಸುತ್ತೇನೆ. ಮಕ್ಕಳು ಕನ್ನಡ ಲಿಪಿಯಲ್ಲಿ ಬರೆದುಕೊಳ್ಳುತ್ತಾರೆ. ಆ ಹಾಳೆ ಹೊಲಿದು ಕಪಾಟಿನಲ್ಲೇ ಇಡಿ, ಮೂಲೆಯಲ್ಲಲ್ಲ.

ಕಣ್ಣು ಕಾಣದವರಿಗೆ ಕಂಪ್ಯೂಟರಿನಲ್ಲಿ, ಪರದೆ ಮೇಲಿರುವುದನ್ನು ಓದಿ ಹೇಳುವ ತಂತ್ರಾಂಶ ಎನ್‌ವಿಡಿಎ ಹಾಕಿ. ಉಚಿತ, ಕನ್ನಡವನ್ನೂ ಓದುತ್ತದೆ. ದನಿ ಸ್ವಲ್ಪ ರೋಬೋಟ್ ತರಹ.

ಮೆಟ್ಟಿಲಿದ್ದರೆ ಇಳಿಜಾರು ಮಾಡಿಸಿ. 1 ಅಡಿ ಎತ್ತರಕ್ಕೆ 12 ಅಡಿ ಉದ್ದ ಬೇಕು. ಗಾರೆಯವರು ಆರಡಿ ಸಾಕು ಅನ್ನುತ್ತಾರೆ, ಕೇಳಬೇಡಿ.