ಕಸೂತಿ ನಕ್ಷೆಯ ಮೊಸಾಯಿಕ್: ಟೈಲ್ ಜೋಡಿಸುವ ಯಂತ್ರ ಕಟ್ಟಿ ಓಡಿಸುವ ಬಗೆ

ಧಾರವಾಡ ಕಸೂತಿಗೆ ಬಟ್ಟೆಯ ಮೇಲೆ ಮೊದಲೇ ಚಿತ್ರ ಬರೆದುಕೊಳ್ಳುವುದಿಲ್ಲ, ಎಳೆ ಎಣಿಸುತ್ತ ಸೂಜಿ ಹೋಗುತ್ತದೆ. ಗೋಪುರ, ತೇರು, ಆನೆ, ತುಳಸಿಕಟ್ಟೆ ಎಲ್ಲವೂ ಲೆಕ್ಕದಲ್ಲೇ ಹುಟ್ಟುತ್ತವೆ. ಚೌಕ ಟೈಲಿನ ಮೊಸಾಯಿಕ್ ಕೂಡ ಎಣಿಕೆಯ ಕೆಲಸವೇ ಆದ್ದರಿಂದ, ಗಿರಾಕಿ ಬಯಸಿದ ಕಸೂತಿಯನ್ನು ಯಂತ್ರಕ್ಕೆ ಒಪ್ಪಿಸಲು ಚೆನ್ನಾಗಿ ಬರುತ್ತದೆ. ಇದಕ್ಕೆ ಆರು ಕೀಲಿನ ರೋಬೋಟ್ ತೋಳು ಬೇಡ. ಟೈಲೆಲ್ಲ ಒಂದೇ ಸಮತಟ್ಟಿನಲ್ಲಿ ಕೂಡುವುದರಿಂದ ಮೂರು ನೇರ ಅಕ್ಷದ ಚೌಕಟ್ಟು ಸಾಕು. ಅದು ಅಗ್ಗ, ಕೆಟ್ಟರೆ ಹುಬ್ಬಳ್ಳಿಯ ಗೋಕುಲ ರಸ್ತೆ ಅಥವಾ ತಾರಿಹಾಳದ ವರ್ಕ್‌ಶಾಪಿನಲ್ಲಿ ರಿಪೇರಿಯೂ ಆಗುತ್ತದೆ.

ನಕ್ಷೆ

ಇಲ್ಲಿನ ಲೆಕ್ಕವೆಲ್ಲ 20 × 20 × 4 ಮಿ.ಮೀ. ಗಾಜಿನ ಟೈಲಿಗೆ. ಒಂದು ಟೈಲಿನ ನಡುವಿನಿಂದ ಮುಂದಿನದರ ನಡುವಿಗೆ 21.8 ಮಿ.ಮೀ. ಇಟ್ಟರೆ 15 × 15, ಅಂದರೆ 225 ಟೈಲಿನ ಒಂದು ಶೀಟ್ ಸುಮಾರು 327 ಮಿ.ಮೀ. ಚೌಕ ಬರುತ್ತದೆ. ಫಲಕದ ಅಳತೆಯನ್ನು 15ರ ಮಡಿಯಲ್ಲೇ ಹಿಡಿಯಿರಿ. 45 × 60 ಟೈಲಿನ ಫಲಕಕ್ಕೆ 2700 ಟೈಲ್, 12 ಶೀಟ್. ಗೋಡೆಯ ಮೇಲೆ 981 × 1308 ಮಿ.ಮೀ.

ಕಸೂತಿಯ ನಾಲ್ಕು ಹೊಲಿಗೆಗಳು ಟೈಲಿಗೆ ಒಂದೇ ರೀತಿ ಒಗ್ಗುವುದಿಲ್ಲ. ಮೆಂತೆ ಸುಲಭ, ಒಂದು ಅಡ್ಡಹೊಲಿಗೆಗೆ ಒಂದು ಟೈಲ್. ನೇಯ್ಗೆಯದು ತುಂಬು ಪಟ್ಟಿ, ಹಾಗೇ ಇಳಿಯುತ್ತದೆ. ಮುರ್ಗಿಯ ಮೆಟ್ಟಿಲು ಟೈಲಿನಲ್ಲಿ ಬಟ್ಟೆಗಿಂತಲೂ ಚೂಪಾಗಿ ಕಾಣುತ್ತದೆ. ತೊಂದರೆ ಕೊಡುವುದು ಗವಂತಿಯ ಓರೆ ಗೆರೆ. ಬಟ್ಟೆಯ ಮೇಲೆ ಅದು ದಾರದ ಅಖಂಡ ಗೆರೆ. ಟೈಲಿನಲ್ಲಿ ಚೌಕಗಳ ಮೂಲೆಗಳಷ್ಟೇ ತಾಗುತ್ತವೆ, ನಾಲ್ಕು ಹೆಜ್ಜೆ ದೂರದಿಂದ ನೋಡಿದರೆ ಗೆರೆ ಹೋಗಿ ಚುಕ್ಕೆ ಉಳಿಯುತ್ತದೆ. ಪ್ರತಿ ಓರೆ ಹೆಜ್ಜೆಗೆ ಪಕ್ಕದಲ್ಲಿ ಇನ್ನೊಂದು ಟೈಲ್ ಸೇರಿಸಿ ಮೆಟ್ಟಿಲು ಮಾಡಿ. ಇದನ್ನು ಕೈಯಿಂದಲೇ ತಿದ್ದಬೇಕು, ತಂತ್ರಾಂಶಕ್ಕೆ ಬಿಟ್ಟರೆ ಗೋಪುರದ ಸಮತೋಲ ಕೆಡುತ್ತದೆ.

ಬಣ್ಣಕ್ಕೆ ಕೈಯಲ್ಲಿರುವ ಟೈಲುಗಳನ್ನೇ ಬಿಳಿ ಹಾಳೆಯ ಮೇಲಿಟ್ಟು, ನೆರಳಿನ ಹಗಲು ಬೆಳಕಿನಲ್ಲಿ ಫೋಟೋ ತೆಗೆದು ಪಟ್ಟಿ ಮಾಡಿಕೊಳ್ಳಿ. ಎಂಟು ಬಣ್ಣ ಬೇಕಾದಷ್ಟಾಯಿತು. ಚಂದ್ರಕಾಳಿ ಸೀರೆಯ ಹಾಗೆ ಕಪ್ಪು ಹಿನ್ನೆಲೆ ಹಿಡಿದರೆ ಕೆಂಪು, ಹಳದಿ, ಹಸಿರು, ಬಿಳಿ ಎದ್ದು ಕಾಣುತ್ತವೆ. ಒಂದು ಫಲಕದ ಟೈಲನ್ನೆಲ್ಲ ಒಂದೇ ಲಾಟಿನಲ್ಲಿ, ನೂರಕ್ಕೆ ಐದಾರು ಹೆಚ್ಚು ತರಿಸಿ. ಲಾಟ್ ಬದಲಾದರೆ ಕಪ್ಪಿನಲ್ಲೂ ಛಾಯೆ ಬದಲಾಗುತ್ತದೆ, ಅದು ಗೊತ್ತಾಗುವುದು ಗೋಡೆಗೆ ಹತ್ತಿದ ಮೇಲೆ.

ಚೌಕಟ್ಟು ಮತ್ತು ಚಲನೆ

ಅಲ್ಯೂಮಿನಿಯಂ ಪ್ರೊಫೈಲಿನ ಚೌಕಟ್ಟು, ಟೈಲ್ ಎತ್ತುವ ತಲೆ ಓಡಾಡುವ ಜಾಗ ಕನಿಷ್ಠ 600 × 500 ಮಿ.ಮೀ.: ಒಂದು ಕಡೆ ಟೈಲ್ ಕೂಡುವ ಟ್ರೇ, ಇನ್ನೊಂದು ಕಡೆ ಟೈಲ್ ಒದಗಿಸುವ ಫೀಡರ್. ಎಕ್ಸ್, ವೈ ಅಕ್ಷಕ್ಕೆ ಜಿಟಿ2 ಎಂಬ ಹಲ್ಲಿನ ಬೆಲ್ಟ್, 20 ಹಲ್ಲಿನ ಪುಲ್ಲಿ; ಜೆಡ್ ಅಕ್ಷಕ್ಕೆ ಒಂದು ಸುತ್ತಿಗೆ 8 ಮಿ.ಮೀ. ಸಾಗುವ ಲೀಡ್ ಸ್ಕ್ರೂ. ನಿಯಂತ್ರಣಕ್ಕೆ ಆರ್ಡುಯಿನೋ ಊನೋ ಬೋರ್ಡ್, ಅದರ ಮೇಲೆ ಮೋಟಾರ್ ಡ್ರೈವರುಗಳು ಕೂಡುವ ಸಿಎನ್‌ಸಿ ಶೀಲ್ಡ್, ಬೋರ್ಡಿನೊಳಗೆ ಚಲನೆ ನಡೆಸುವ ಜಿಆರ್‌ಬಿಎಲ್ ತಂತ್ರಾಂಶ. ಡ್ರೈವರನ್ನು 1/16 ಸೂಕ್ಷ್ಮ ಹೆಜ್ಜೆಗೆ ಇಟ್ಟರೆ ಜಿಆರ್‌ಬಿಎಲ್ ಸೆಟ್ಟಿಂಗುಗಳಾದ $100 ಮತ್ತು $101ರ (ಎಕ್ಸ್, ವೈ ಅಕ್ಷದಲ್ಲಿ ಮಿ.ಮೀ.ಗೆ ಎಷ್ಟು ಹೆಜ್ಜೆ) ಮೌಲ್ಯ 80, $102ರದ್ದು (ಜೆಡ್ ಅಕ್ಷ) 400. 300 ಮಿ.ಮೀ. ಓಡಿಸಿ ಅಳೆಯಿರಿ. 0.2 ಮಿ.ಮೀ.ಗಿಂತ ಹೆಚ್ಚು ತಪ್ಪಿದರೆ ಮೊದಲು ಬೆಲ್ಟಿನ ಬಿಗಿ ನೋಡಿ, ಸಂಖ್ಯೆಗೆ ಕೈ ಹಾಕುವುದು ಆಮೇಲೆ.

ವೇಗ ನಿಮಿಷಕ್ಕೆ 12000 ಮಿ.ಮೀ., ವೇಗೋತ್ಕರ್ಷ ಸೆಕೆಂಡ್ ವರ್ಗಕ್ಕೆ 500 ಮಿ.ಮೀ. ಇಟ್ಟು ಶುರು ಮಾಡಿ. ಇದಕ್ಕಿಂತ ಜೋರಾಗಿ ಓಡಿಸಿದರೆ ಟೈಲ್ ಬೀಳುವುದಿಲ್ಲ, ಅದನ್ನು ಗಾಳಿ ಎಳೆದು ಹಿಡಿಯುವ ಸಕ್ಷನ್ ಕಪ್ಪಿನಲ್ಲೇ ಒಂದಿಷ್ಟು ತಿರುಗಿಬಿಡುತ್ತದೆ, ಟ್ರೇಯ ಮನೆಗೆ ಇಳಿಯದೆ ಅಂಚಿನ ಮೇಲೆ ಕೂಡುತ್ತದೆ. ಈ ಲೆಕ್ಕದಲ್ಲಿ ಟೈಲಿಗೆ ಸುಮಾರು 6 ಸೆಕೆಂಡ್ ಹಿಡಿದರೆ ಶೀಟಿಗೆ ಇಪ್ಪತ್ತೆರಡೂವರೆ ನಿಮಿಷ, 12 ಶೀಟಿನ ಫಲಕಕ್ಕೆ ನಾಲ್ಕೂವರೆ ತಾಸು.

ಎತ್ತುವುದು, ಬಿಡುವುದು

ಒಂದು ಟೈಲ್ 4 ಗ್ರಾಂ. 8 ಮಿ.ಮೀ. ಸಿಲಿಕೋನ್ ಸಕ್ಷನ್ ಕಪ್, 60 ಕಿಲೋಪಾಸ್ಕಲ್ ನಿರ್ವಾತ ಕೊಡುವ 12 ವೋಲ್ಟ್ ಪಂಪ್ ಇದ್ದರೆ 300 ಗ್ರಾಂ ಹಿಡಿಯುವ ಬಲ ಸಿಗುತ್ತದೆ. ಟೈಲಿನ ಬೆನ್ನಿಗೆ ಗೀರುಗಳಿರುವುದರಿಂದ ಅಲ್ಲಿ ಗಾಳಿ ಸೋರುತ್ತದೆ. ಎತ್ತುವುದು ನಯವಾದ ಮುಖದಿಂದಲೇ.

ಬಿಡುವಾಗ ಪಂಪ್ ನಿಲ್ಲಿಸಿದರೆ ಸಾಲದು. ನಳಿಗೆಯಲ್ಲಿ ಉಳಿದ ನಿರ್ವಾತ ಟೈಲನ್ನು ಅರೆಗಳಿಗೆ ಹಿಡಿದಿಟ್ಟು, ತಲೆ ಮೇಲೇಳುವಾಗ ವಾರೆಯಾಗಿ ಉದುರಿಸುತ್ತದೆ. ಪಂಪ್ ಓಡುತ್ತಲೇ ಇರಲಿ, ನಡುವೆ ಮೂರು ಬಾಯಿಯ ಸೊಲೆನಾಯ್ಡ್ ವಾಲ್ವ್ ಹಾಕಿ: ಜಿಆರ್‌ಬಿಎಲ್‌ಗೆ ಎಂ8 ಆಜ್ಞೆ ಬಂದಾಗ ಕಪ್ ಪಂಪಿಗೆ, ಎಂ9 ಬಂದಾಗ ಹೊರಗಾಳಿಗೆ ತೆರೆಯಬೇಕು. ಎತ್ತುವಾಗ ಜಿ4 ಪಿ0.2 (ಅಂದರೆ 0.2 ಸೆಕೆಂಡ್), ಬಿಡುವಾಗ ಜಿ4 ಪಿ0.15 ಕಾಯಿಸಿ. ವಾಲ್ವಿಗೆ ಸ್ವಿಚ್ಚಿನಂತೆ ಕೆಲಸ ಮಾಡುವ ಮಾಸ್‌ಫೆಟ್ ಮಾಡ್ಯೂಲ್ ಬೇಕು, ವಾಲ್ವಿನ ತುದಿಗಳಿಗೆ ಡಯೋಡ್ ಬೇಕೇ ಬೇಕು. ಡಯೋಡ್ ಇಲ್ಲದಿದ್ದರೆ ವಾಲ್ವ್ ಬಂದ್ ಆದಾಗಿನ ವೋಲ್ಟೇಜ್ ಏಟಿಗೆ ಬೋರ್ಡ್ ತಾನಾಗೇ ರೀಸೆಟ್ ಆಗುತ್ತದೆ, ಕೆಲಸದ ನಡುವೆ ಯಂತ್ರಕ್ಕೆ ತಾನೆಲ್ಲಿದ್ದೇನೆಂಬುದೇ ಮರೆತುಹೋಗುತ್ತದೆ.

ನಳಿಗೆಗೆ ಒಂದು ವ್ಯಾಕ್ಯೂಮ್ ಸೆನ್ಸರ್ ಕೂಡಿಸಿ. ವಾಲ್ವ್ ತೆರೆದ 0.3 ಸೆಕೆಂಡಿನಲ್ಲಿ 40 ಕಿಲೋಪಾಸ್ಕಲ್ ಮುಟ್ಟದಿದ್ದರೆ ಟೈಲ್ ಸಿಕ್ಕಿಲ್ಲ ಎಂದರ್ಥ. ಆಗ ಸೆನ್ಸರ್ ಓದುವ ಎರಡನೇ ಆರ್ಡುಯಿನೋ ಬೋರ್ಡ್, ಶೀಲ್ಡಿನ ‘ಹೋಲ್ಡ್’ ಪಿನ್ ಎಳೆದು ಯಂತ್ರ ನಿಲ್ಲಿಸಲಿ. ಈ ಖರ್ಚು ಉಳಿಸಲು ಹೋದರೆ ಶೀಟಿನಲ್ಲಿ ಬಿಟ್ಟುಹೋದ ಮನೆಗಳನ್ನು ಕಣ್ಣಿಟ್ಟು ಹುಡುಕುತ್ತ ಕೂಡಬೇಕಾಗುತ್ತದೆ.

ಫೀಡರ್

ಕೆಲಸ ಕೆಡುವುದು ಹೆಚ್ಚಾಗಿ ಇಲ್ಲಿ, ಆದ್ದರಿಂದ ಸಮಯವನ್ನೂ ಇಲ್ಲೇ ಹೆಚ್ಚು ಕೊಡಿ. ಪ್ರತಿ ಬಣ್ಣಕ್ಕೆ ಒಳ ಅಳತೆ 21 ಮಿ.ಮೀ. ಇರುವ ನೆಟ್ಟಗಿನ ಚೌಕ ಕೊಳವೆ. ಮುಖ ಮೇಲೆ ಮಾಡಿ 60 ಟೈಲ್ ತುಂಬಿ, ಎತ್ತರ 240 ಮಿ.ಮೀ. ಆಗುತ್ತದೆ. ಅದಕ್ಕೂ ಹೆಚ್ಚು ತುಂಬಿದರೆ ಭಾರಕ್ಕೆ ಕೆಳಗಿನ ಟೈಲ್ ಜರುಗಲು ಒಲ್ಲದು. ಕೆಳಗಿನ ಸೀಳಿನ ಎತ್ತರ 5.5 ಮಿ.ಮೀ.: ಒಂದು ಟೈಲ್ ಹೊರಬರಬೇಕು, ಎರಡು ಬರಬಾರದು. ತಳ್ಳುವ ಪಟ್ಟಿ ಮೊಂಡ ತುದಿಯ ಪ್ಲಾಸ್ಟಿಕ್, ದಪ್ಪ 3 ಮಿ.ಮೀ. ಪಟ್ಟಿ ಟೈಲಿಗಿಂತ ದಪ್ಪವಾದರೆ ಮೇಲಿನ ಟೈಲಿಗೂ ಬಡಿದು ಎರಡೂ ಸಿಕ್ಕಿಹಾಕಿಕೊಳ್ಳುತ್ತವೆ. ಲೋಹದ್ದಾದರೆ ಗಾಜಿನ ಅಂಚು ಚಕ್ಕೆ ಏಳುತ್ತದೆ. ಪಟ್ಟಿಯನ್ನು ತಳ್ಳಲು ಪ್ಲಾಸ್ಟಿಕ್ ಹಲ್ಲಿನ ಸಣ್ಣ ಸರ್ವೋ ಮೋಟಾರ್ ಈ ಭಾರಕ್ಕೆ ಬಾಳುವುದಿಲ್ಲ, ಲೋಹದ ಗೇರಿನದೇ ಹಾಕಿ. ಹೊರಬಂದ ಟೈಲ್ ಒಂದು ಎಲ್ ಆಕಾರದ ಮೂಲೆಗೆ ಒತ್ತಿ ನಿಲ್ಲಲಿ, ಕಪ್ ಪ್ರತಿ ಸಲ ಟೈಲಿನ ನಟ್ಟನಡುವೆ ಹಿಡಿಯುವುದು ಆಗಲೇ.

ಹಿನ್ನೆಲೆಯ ಕಪ್ಪು ಟೈಲಿಗೆ ಮೂರು ಕೊಳವೆ ಮೀಸಲಿಟ್ಟು ಟ್ರೇಗೆ ಹತ್ತಿರ ನಿಲ್ಲಿಸಿ. ತುಂಬುವ ಮೊದಲು ಲಾಟಿನಿಂದ 20 ಟೈಲ್ ತೆಗೆದು ವರ್ನಿಯರಿನಲ್ಲಿ ಅಳೆಯಿರಿ. ಅಂಚು ಒಡೆದದ್ದು, 20.3 ಮಿ.ಮೀ. ದಾಟಿದ್ದು ಕೊಳವೆಗೆ ಹೋಗಬಾರದು.

ಸರ್ವೋಗಳನ್ನೂ ಜಿಆರ್‌ಬಿಎಲ್ಅನ್ನೂ ಕಂಪ್ಯೂಟರಿನ ಒಂದು ಪೈಥಾನ್ ಪ್ರೋಗ್ರಾಂ ನಡೆಸಲಿ. ಬಹಳ ಮಂದಿ ಎಡವುವ ಜಾಗ ಇದು: ಜಿಆರ್‌ಬಿಎಲ್ ‘ಓಕೆ’ ಎಂದರೆ ಆಜ್ಞೆ ತಲುಪಿತು ಎಂದಷ್ಟೇ, ಚಲನೆ ಮುಗಿಯಿತು ಎಂದಲ್ಲ. ಪ್ರತಿ ಎತ್ತುವಿಕೆಯ ಕೊನೆಗೆ ಜಿ4 ಪಿ0.01 ಕಳಿಸಿ ಅದರ ‘ಓಕೆ’ಗೆ ಕಾಯ್ದು, ಆಮೇಲೆ ಮುಂದಿನ ಟೈಲ್ ತಳ್ಳಿ. ಇಲ್ಲವಾದರೆ ತಲೆ ಇನ್ನೂ ಕೆಳಗಿರುವಾಗಲೇ ಟೈಲ್ ಬಂದು ಸಕ್ಷನ್ ಕಪ್ಪಿಗೆ ಗುದ್ದುತ್ತದೆ.

ಟ್ರೇ ಮತ್ತು ಫಿಲ್ಮ್

ಟ್ರೇಯ ಮನೆ 20.6 ಮಿ.ಮೀ., ನಡುವಿನ ಗೋಡೆ ಬುಡದಲ್ಲಿ 1.2, ತುದಿಯಲ್ಲಿ 0.6 ಮಿ.ಮೀ. ಈ ಇಳಿಜಾರಿನಿಂದ ಅರ್ಧ ಮಿ.ಮೀ. ತಪ್ಪಿದ ಟೈಲೂ ಜಾರಿ ಒಳಗೆ ಕೂಡುತ್ತದೆ. ಗೋಡೆಯ ಎತ್ತರ 2.5 ಮಿ.ಮೀ. ದಾಟದಿರಲಿ, ದಾಟಿದರೆ ಫಿಲ್ಮ್ ಟೈಲಿನ ಮುಖಕ್ಕೆ ಸರಿಯಾಗಿ ಅಂಟುವುದಿಲ್ಲ. ತ್ರೀಡಿ ಪ್ರಿಂಟರಿನಲ್ಲಿ 8 ಮತ್ತು 7 ಮನೆಗಳಂತೆ ಒಡೆದು ನಾಲ್ಕು ತುಂಡಾಗಿ ತೆಗೆದು, 12 ಮಿ.ಮೀ. ಪ್ಲೈವುಡ್ ಮೇಲೆ ಕೂಡಿಸಿ.

ಶೀಟ್ ತುಂಬಿದ ಮೇಲೆ ಪಾರದರ್ಶಕ ಅಂಟು ಫಿಲ್ಮ್ ಹಾಸಿ ರಬ್ಬರ್ ರೋಲರ್ ಎಳೆಯಿರಿ. ಟೈಲಿನ ಮುಖ ಮೇಲಿದ್ದು ಚಿತ್ರ ನೇರವಾಗಿಯೇ ಇರುವುದರಿಂದ ನಕ್ಷೆಯನ್ನು ಕನ್ನಡಿಯಂತೆ ತಿರುಗಿಸುವುದು ಬೇಡ. ಫಿಲ್ಮ್ ಮೇಲೆ ಆ ಶೀಟಿನ ಅಡ್ಡಸಾಲು, ಉದ್ದಸಾಲಿನ ಸಂಖ್ಯೆ ಮತ್ತು ಮೇಲ್ಮುಖದ ಬಾಣ ಬರೆದೇ ಟ್ರೇಯಿಂದ ಎತ್ತಿ. ಒಂದು ಶೀಟಿನಲ್ಲಿ ಚಿತ್ರದ ತುಣುಕಷ್ಟೇ ಇರುವುದರಿಂದ, ಬಾಣವಿಲ್ಲದ ಶೀಟನ್ನು ತಲೆಕೆಳಗಾಗಿ ಹಚ್ಚಿದರೂ ತಕ್ಷಣ ಗೊತ್ತಾಗುವುದಿಲ್ಲ.

ಎರಡು ಶೀಟಿಗೊಮ್ಮೆ ಸಕ್ಷನ್ ಕಪ್ಪನ್ನು ಒದ್ದೆ ಬಟ್ಟೆಯಿಂದ ಒರೆಸಿ, ಗಾಜಿನ ಪುಡಿ ಕೂತರೆ ಹಿಡಿತ ಸಡಿಲಾಗುತ್ತದೆ. ಕರೆಂಟ್ ಹೋದರೆ ಸ್ಥಾನ ತಪ್ಪುವುದರಿಂದ ಯುಪಿಎಸ್ ಇರಲಿ. ಪ್ರೋಗ್ರಾಂ ಇಟ್ಟ ಪ್ರತಿ ಟೈಲಿನ ಸಂಖ್ಯೆ ಬರೆದಿಟ್ಟುಕೊಂಡರೆ ಹೋಮ್ ಮಾಡಿ (ತಲೆಯನ್ನು ಆರಂಭದ ಮೂಲೆಗೆ ತಂದು), ನಿಂತ ಟೈಲಿನಿಂದಲೇ ಮುಂದುವರಿಸಬಹುದು.

ಗೋಡೆಗೆ

ಬಿಳಿ ಟೈಲ್ ಅಡೆಸಿವ್ ಬಳಸಿ, ಬೂದು ಬಣ್ಣದ್ದು ತೆಳು ಬಣ್ಣದ ಗಾಜಿನೊಳಗಿಂದ ಮಂಕಾಗಿ ಕಾಣುತ್ತದೆ. 4 ಮಿ.ಮೀ. ಹಲ್ಲಿನ ಕರಣಿಯಿಂದ ಎಳೆದು, ಹಲ್ಲಿನ ಗೀರನ್ನು ಚಪ್ಪಟೆ ಬದಿಯಿಂದ ಮಟ್ಟ ಮಾಡಿ ಶೀಟ್ ಒತ್ತಿ. ಫಿಲ್ಮ್ ಕೀಳುವುದು 24 ತಾಸಿನ ಮೇಲೆ, ಒಂದು ಮೂಲೆಯಿಂದ ಶುರು ಮಾಡಿ, ಗೋಡೆಗೆ ತಾಗಿಕೊಂಡಂತೆಯೇ ಎಳೆಯುತ್ತ. ಆಮೇಲೆ ಟೈಲಿನ ಸಂದಿಗೆ ಮರಳಿಲ್ಲದ ಸಣ್ಣ ಗ್ರೌಟ್. ಹುಬ್ಬಳ್ಳಿ ಸುತ್ತಿನ ಎರೆ ಮಣ್ಣು ಮಳೆಗೆ ಉಬ್ಬಿ ಬೇಸಿಗೆಗೆ ಕುಗ್ಗುತ್ತದೆ, ಗೋಡೆಗಳೂ ಜೊತೆಗೆ ಅಲುಗುತ್ತವೆ. ಕಂಬ ಮತ್ತು ಇಟ್ಟಿಗೆ ಕೂಡುವ ಗೆರೆಯ ಮೇಲೆ ಫಲಕ ಬೇಡ, ಸುತ್ತಲೂ 5 ಮಿ.ಮೀ. ಬಿಟ್ಟು ಸಿಲಿಕೋನ್ ತುಂಬಿ.